ನಾವು ಲೆಕ್ಕಕ್ಕೆ ಹಿಡಿಯದ ಮೂವರು

ಅಪ್ಪನಿಗೆ ಹಾಯಿದೋಣಿಯ ಹುಚ್ಚು ಹತ್ತಿದ್ದು ಹಲಸೂರು ಕೆರೆಯಲ್ಲಿ. ಕಾಲೇಜಿನಲ್ಲಿ ನೌಕಾ ವಿಭಾಗದ ಕೆಡೆಟ್ ಆಗಿದ್ದಾಗ ಭಾನುವಾರ ಬೆಳಿಗ್ಗೆ ಅಲ್ಲಿ ತರಬೇತಿ ಇರುತ್ತಿತ್ತಂತೆ. ರಾಜಾಜಿನಗರದಿಂದ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ ಅಪ್ಪನಿಗೆ ಅಲ್ಲೊಬ್ಬ ಗೆಳೆಯ ಸಿಕ್ಕಿದ, ಬಸವೇಶ್ವರನಗರದವನು. ಅವನನ್ನು ನಾನು ಮಾತು ಬಂದಾಗಿನಿಂದ ಮಾಮ ಎಂದೇ ಕರೆದಿದ್ದೇನೆ. ಓದು ಮುಗಿದ ಮೇಲೆ ಅಪ್ಪ ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೋಹದ ಡೈ, ಅಂದರೆ ಅಚ್ಚು, ಮಾಡುವ ಕೆಲಸಕ್ಕೆ ಸೇರಿದ, ಮಾಮ ಬ್ಯಾಂಕಿಗೆ ಸೇರಿದ. ಮದುವೆ, ಮಕ್ಕಳು, ಮನೆ ಎಲ್ಲ ಆಗಿ ಇಬ್ಬರಿಗೂ ಆ ಹುಚ್ಚು ಬಿಟ್ಟಿರಬೇಕು ಎಂದು ಅಮ್ಮ ಅಂದುಕೊಂಡಿದ್ದಳು. ನಾನು ಹೈಸ್ಕೂಲಿಗೆ ಬಂದ ವರ್ಷ ಇಬ್ಬರೂ ಸೇರಿ ಉಡುಪಿ ಕಡೆಯ ಒಂದು ಮೀನುಗಾರರ ಊರಿನಲ್ಲಿ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡುಬಿಟ್ಟರು.

"ವಿಜಯನಗರದಲ್ಲಿ ನಲ್ಲೀಲಿ ನೀರು ಬರಲ್ಲ, ಇವರಿಗೆ ದೋಣಿ ಬೇಕಂತೆ," ಎಂದು ಅಮ್ಮ ಒಂದು ವಾರ ಬಂದವರಿಗೆಲ್ಲ ಹೇಳಿದಳು.

ದೋಣಿ ಇದ್ದದ್ದು ಅಲ್ಲಿ, ಹೊಳೆಯ ದಡದ ಒಂದು ಶೆಡ್ಡಿನಲ್ಲಿ. ಹಾಯಿ ಮಾತ್ರ ನಮ್ಮ ಮನೆಗೆ ಬರುತ್ತಿತ್ತು. ಪ್ರತಿ ಸಲ ಊರಿಂದ ಬಂದ ಮೇಲೆ ಅಪ್ಪ ಅದನ್ನು ಟೆರೇಸಿಗೆ ಒಯ್ದು ಉಪ್ಪು ಹೋಗುವ ಹಾಗೆ ಸಿಹಿನೀರಿನಲ್ಲಿ ತೊಳೆಯುತ್ತಿದ್ದ. ಒಣಗಲು ಹಾಕಿದರೆ ಅದು ನೀರಿನ ಟ್ಯಾಂಕಿನಿಂದ ಹಿಡಿದು ತುಳಸಿ ಕುಂಡದವರೆಗೂ ಚಾಚಿಕೊಳ್ಳುತ್ತಿತ್ತು. ಪಕ್ಕದ ಮನೆಯ ಆಂಟಿ ಒಮ್ಮೆ ಗೋಡೆಯ ಆ ಕಡೆಯಿಂದ ಇಣುಕಿ, "ಏನ್ ಫಂಕ್ಷನ್ ಇಟ್ಕೊಂಡಿದೀರ? ಶಾಮಿಯಾನ ತಂದಿದೀರಲ್ಲ," ಎಂದು ಕೇಳಿದ್ದರು. ನಾನು ಅದರ ನೆರಳಿನಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದೆ. ಬಟ್ಟೆ ಒಣಗುತ್ತಾ ಬಂದ ಹಾಗೆ ಅದರಿಂದ ಒಂದು ವಾಸನೆ ಏಳುತ್ತಿತ್ತು. ಮೀನು, ಡೀಸೆಲ್, ಬಿಸಿಲು ಮೂರೂ ಬೆರೆತ ವಾಸನೆ. ಈಗಲೂ ಯಾವುದಾದರೂ ಬಂದರಿನಲ್ಲಿ ಆ ವಾಸನೆ ಬಂದರೆ ನನಗೆ ನೆನಪಾಗುವುದು ನಮ್ಮ ಟೆರೇಸು.

ವರ್ಷಕ್ಕೆ ಐದಾರು ಸಲ ಹೋಗುತ್ತಿದ್ದೆವು. ಅಪ್ಪ, ಮಾಮ, ನಾನು. ಬೆಳಿಗ್ಗೆ ಹೊರಡುವ ರೈಲು ಹಿಡಿದು ಘಟ್ಟ ಇಳಿಯುವಾಗ ಇಬ್ಬರೂ ಕಾಲೇಜು ಹುಡುಗರಾಗಿಬಿಡುತ್ತಿದ್ದರು. ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಹಾಸನ ದಾಟುವ ಮೊದಲೇ ಖಾಲಿ. ಅಪ್ಪ ನನಗೆ ಚುಕ್ಕಾಣಿ ಹಿಡಿಯುವುದನ್ನು ಕಲಿಸಿದ. ಗಾಳಿ ಕೆನ್ನೆಯ ಯಾವ ಭಾಗಕ್ಕೆ ಬಡಿಯುತ್ತಿದೆ ಎಂದು ಕಣ್ಣು ಮುಚ್ಚಿ ಹೇಳುವುದನ್ನು ಕಲಿಸಿದ. ಹೊಳೆ ಸಮುದ್ರಕ್ಕೆ ಸೇರುವ ಬಾಯಿಗೆ ಅಲ್ಲಿಯವರು ಅಳಿವೆ ಎನ್ನುತ್ತಾರೆ. ಅಳಿವೆಯ ಮರಳು ದಿಣ್ಣೆಯ ಮೇಲೆ ಅಲೆಗಳು ಒಡೆಯುವ ಜಾಗ ದಾಟಿಬಿಟ್ಟರೆ ಆಚೆ ತೆರೆದ ಕಡಲು. ಅದನ್ನು ದಾಟಿದ ಕೂಡಲೇ ಅಪ್ಪ ಪ್ರತಿ ಸಲವೂ ಕಾರಣವಿಲ್ಲದೆ ಜೋರಾಗಿ ನಗುತ್ತಿದ್ದ. ಕಾರ್ಖಾನೆಯ ಅಪ್ಪನನ್ನು ಮಾತ್ರ ಕಂಡವರಿಗೆ ಆ ನಗು ಗೊತ್ತಿರಲು ಸಾಧ್ಯವಿಲ್ಲ.

ಹಾಗೆ ಏಳು ವರ್ಷ ನಡೆಯಿತು. ಆ ಏಳು ವರ್ಷದಲ್ಲಿ ನಾವು ಒಂದು ಸಲವೂ ಯಾರಿಗೂ ಎಷ್ಟು ಹೊತ್ತಿಗೆ ವಾಪಸ್ ಬರುತ್ತೇವೆ ಎಂದು ಹೇಳಿ ಹೋಗಲಿಲ್ಲ. ಹೇಳಬೇಕು ಎಂದು ತೋರಲೂ ಇಲ್ಲ.

ವಿಜಯನಗರದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನಾನು ನಾಗರಬಾವಿ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮೇ ತಿಂಗಳ ಕೊನೆ. ಇನ್ನೊಂದು ವಾರಕ್ಕೆ ಮಳೆಗಾಲ ಹಿಡಿದರೆ ಮತ್ತೆ ಅಕ್ಟೋಬರ್‌ವರೆಗೆ ದೋಣಿ ಇಳಿಸುವ ಹಾಗಿಲ್ಲ. ಇದೊಂದು ಸಲ ಹೋಗಿಬರೋಣ ಎಂದು ಅಪ್ಪನೂ ಮಾಮನೂ ರಜೆ ಹಾಕಿದರು.

ಬೆಳಿಗ್ಗೆ ಶೆಡ್ಡಿನಿಂದ ದೋಣಿ ತಳ್ಳುತ್ತಿದ್ದಾಗ, ಪಕ್ಕದಲ್ಲಿ ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ ಬಲೆ ಬಿಡಿಸುತ್ತಿದ್ದ ಒಬ್ಬರು ಎದ್ದು ಬಂದರು. ನಲವತ್ತರ ಆಸುಪಾಸು, ತೆಳ್ಳಗಿನ ಮೈ. ಮೀನುಗಾರರೇ ಸೇರಿ ನಡೆಸುತ್ತಿದ್ದ ಜೀವರಕ್ಷಕ ತಂಡದಲ್ಲಿ ಅವರೂ ಒಬ್ಬರು ಎಂದು ಆಗ ನಮಗೆ ಗೊತ್ತಿರಲಿಲ್ಲ.

"ಇವತ್ತು ಬೇಡ ಸರ್. ಪಡುವಣ ನೋಡಿ, ಕಪ್ಪು ಕಟ್ಟಿದೆ. ನಮ್ಮ ದೋಣಿಯೂ ಇಳಿಸಲಿಲ್ಲ."

"ಒಂದೇ ಗಂಟೆ ಅಷ್ಟೇ. ಅಳಿವೆ ದಾಟಲ್ಲ," ಎಂದ ಅಪ್ಪ.

"ದಾಟುವುದಿಲ್ಲ ಅಂತ ಹೇಳಿಯೇ ಎಲ್ಲರೂ ದಾಟುವುದು ಮಾರಾಯ್ರೆ."

ಅಪ್ಪ ನಕ್ಕು ದೋಣಿ ತಳ್ಳಿದ. ನಾನೂ ತಳ್ಳಿದೆ. ಅವರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು, ಇಪ್ಪತ್ತೆರಡು ವರ್ಷದವಳು ನಾನು. ಅಪ್ಪನನ್ನೊಬ್ಬನನ್ನೇ ದೂರುವ ಹಾಗಿಲ್ಲ.

ಅಳಿವೆ ದಾಟಿದೆವು. ಅಪ್ಪ ನಕ್ಕ. ಅರ್ಧ ಗಂಟೆಯಾದ ಮೇಲೆ ಗಾಳಿ ಒಮ್ಮೆಲೇ ನಿಂತುಹೋಯಿತು. ಹಾಯಿ ಸೋತು ಜೋತುಬಿತ್ತು. ಮಾಮ, "ಏನೋ ಇದು?" ಎನ್ನುವಷ್ಟರಲ್ಲಿ ಪಡುವಣದಿಂದ ನೀರಿನ ಮೇಲೆ ಒಂದು ಕಪ್ಪು ಗೆರೆ ಓಡಿಬರುವುದು ಕಂಡಿತು. ಹಾಯಿ ಇಳಿಸಲು ಅಪ್ಪ ಹಗ್ಗಕ್ಕೆ ಕೈಹಾಕಿದ. ಹಗ್ಗ ರಾಟೆಯಲ್ಲಿ ಸಿಕ್ಕಿಕೊಂಡಿತ್ತು. ಗಾಳಿ ಬಂದು ಬಡಿದದ್ದೇ ದೋಣಿ ಪಕ್ಕಕ್ಕೆ ಮಲಗಿ ಮಗುಚಿಕೊಂಡಿತು. ನಾನು ಮೇಲೆ ಬಂದಾಗ ದೋಣಿಯ ಹೊಟ್ಟೆ ಆಕಾಶ ನೋಡುತ್ತಿತ್ತು. ಮೂವರೂ ಅದನ್ನು ತಬ್ಬಿಕೊಂಡೆವು. ಲೈಫ್ ಜಾಕೆಟ್ ಹಾಕಿಕೊಂಡಿದ್ದೆವು, ಅಷ್ಟು ಬುದ್ಧಿ ಇತ್ತು. ಮಾಮನ ಹಣೆ ಒಡೆದು ರಕ್ತ ಬರುತ್ತಿತ್ತು. ಇಳಿತದ ನೀರು ನಮ್ಮನ್ನು ಹೊರಕ್ಕೆ ಎಳೆಯುತ್ತಿತ್ತು.

ನನ್ನ ಕೊರಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮೊಬೈಲ್ ಇತ್ತು. ಒಂದು ಕೈಯಲ್ಲಿ ಹಿಡಿದುಕೊಂಡು ನೋಡಿದೆ. ಯಾರಿಗೆ ಮಾಡಲಿ? ಆ ಊರಿನ ಒಬ್ಬರ ನಂಬರೂ ನನ್ನಲ್ಲಿ ಇರಲಿಲ್ಲ. ಆಪತ್ತಿಗೆ ಯಾವ ನಂಬರ್ ಎಂದೂ ಹೊಳೆಯಲಿಲ್ಲ. ಕೊನೆಯದಾಗಿ ಮಾತಾಡಿದ್ದ ನಂಬರ್ ಒತ್ತಿದೆ. ಅದು ವಿಜಯನಗರದ ನಮ್ಮ ಮನೆಯದು.

"ಅಮ್ಮಾ, ದೋಣಿ ಮಗುಚಿದೆ. ಸಮುದ್ರದಲ್ಲಿದೀವಿ. ಯಾರಿಗಾದ್ರೂ ಹೇಳಮ್ಮಾ."

ಅಷ್ಟೇ ಹೇಳಿದ್ದು. ಅಲೆ ಬಂದು ಫೋನು ಕೈತಪ್ಪಿತು.

ಆ ಕಡೆ ಏನಾಯಿತು ಎಂದು ಅಮ್ಮ ಆಮೇಲೆ ಹೇಳಿದ್ದಾಳೆ, ಒಂದೇ ಸಲ, ಪೂರ್ತಿಯಾಗಿ. ಅವಳು ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಮಡಿಲಲ್ಲಿದ್ದ ಸೊಪ್ಪು ಚೆಲ್ಲಿಕೊಂಡೇ ಎದುರುಮನೆಗೆ ಓಡಿದಳು. ಅಲ್ಲಿದ್ದವರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಅವರು ಪೆನ್ನು ಹಿಡಿದು, "ಯಾವ ಊರಮ್ಮ?" ಎಂದು ಕೇಳಿದರು. ಅಮ್ಮನಿಗೆ ಊರಿನ ಹೆಸರು ಬಾಯಿಗೆ ಬರಲಿಲ್ಲ. ಏಳು ವರ್ಷದಿಂದ ಗಂಡ ಮಗಳು ಹೋಗುವ ಊರು. "ಉಡುಪಿ ಹತ್ರ ಸಾರ್, ಅಲ್ಲೇ ಎಲ್ಲೋ," ಎಂದಳಂತೆ. ವಾಪಸ್ ಮನೆಗೆ ಓಡಿ, ದೇವರ ಮನೆಯ ಗೂಡಿನಲ್ಲಿ ಅಪ್ಪ ಹಿಂದಿನ ಸಲ ತಂದಿದ್ದ ಪ್ರಸಾದದ ಪೊಟ್ಟಣ ಹುಡುಕಿದಳು. ಅದರ ಮೇಲೆ ಊರಿನ ಹೆಸರು ಅಚ್ಚಾಗಿತ್ತು. ಅಲ್ಲಿಂದ ಪೊಲೀಸ್ ಕಂಟ್ರೋಲ್ ರೂಮು, ಅಲ್ಲಿಂದ ಉಡುಪಿ, ಅಲ್ಲಿಂದ ಆ ಊರು. ಸುದ್ದಿ ಧಕ್ಕೆ ಮುಟ್ಟುವ ಹೊತ್ತಿಗೆ ತುಂಬ ತಡವಾಗಿತ್ತು.

ಆದರೆ ಜೀವರಕ್ಷಕ ತಂಡದ ದೋಣಿ ಆಗಲೇ ಹೊರಟಿತ್ತು. ಬೆಳಿಗ್ಗೆ ಬೇಡ ಎಂದಿದ್ದವರು ಬಲೆ ಬಿಟ್ಟು ದಡದ ಮೇಲೆ ನಿಂತು ನಮ್ಮ ಹಾಯಿಯನ್ನೇ ನೋಡುತ್ತಿದ್ದರಂತೆ. ಅದು ಕಾಣದೆ ಹೋದ ಕೂಡಲೇ ತಂಡದ ಇನ್ನಿಬ್ಬರನ್ನು ಕೂಗಿ ಎಂಜಿನ್ ದೋಣಿ ಇಳಿಸಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ.

ಅವರ ದೋಣಿ ಅಳಿವೆಯ ಅಲೆಗಳ ಮೇಲೆ ಮೂತಿ ಎತ್ತಿ ಬೀಳುವುದನ್ನು ನಾನು ದೂರದಿಂದ ನೋಡಿದೆ. ಎರಡು ಸಲ ಅದು ಪೂರ್ತಿ ಮರೆಯಾಗಿ ಮತ್ತೆ ಕಂಡಿತು. ಹತ್ತಿರ ಬಂದಾಗ ಮೂವರಿದ್ದರು. ಚುಕ್ಕಾಣಿಯಲ್ಲಿ ಒಬ್ಬ ಹಿರಿಯರು, ನಡುವೆ ಒಬ್ಬರು, ಮುಂದೆ ಬೆಳಗಿನವರು. ಮೊದಲು ಮಾಮನನ್ನು ಎಳೆದುಕೊಂಡರು. ಆಮೇಲೆ ನಮ್ಮ ಕಡೆ ಹಗ್ಗ ಎಸೆದರು. ಅಪ್ಪ ಹಗ್ಗ ಹಿಡಿದ. ಹಿಡಿದವನು ಅದನ್ನು ನಮ್ಮ ದೋಣಿಯ ಮೂತಿಯ ಬಳೆಗೆ ಕಟ್ಟತೊಡಗಿದ.

"ದೋಣಿ ಬಿಡಿ! ಜನ ಹತ್ತಿ!" ಎಂದು ಹಿರಿಯರು ಕಿರುಚಿದರು.

"ಒಂದ್ನಿಮಿಷ! ದೋಣಿ ಹೋಗ್ಬಿಡತ್ತೆ!" ಎಂದು ಅಪ್ಪನೂ ಕಿರುಚಿದ. ಗಂಟು ಬಿಗಿದ.

ಆಗ ಬೆಳಗಿನವರು ಬಾಗಿ ಎಡಗೈಯಿಂದ ನನ್ನ ಜಾಕೆಟ್ಟಿನ ಕೊರಳು ಹಿಡಿದು ಎತ್ತುತ್ತಿದ್ದರು, ಬಲಗೈ ಅವರ ದೋಣಿಯ ಅಂಚಿನ ಮೇಲಿತ್ತು. ದೊಡ್ಡ ಅಲೆ ಬಂತು. ಕಟ್ಟಿರದಿದ್ದರೆ ನಮ್ಮ ದೋಣಿ ಆಚೆ ಸರಿದುಹೋಗುತ್ತಿತ್ತು. ಹಗ್ಗದ ಎಳೆತಕ್ಕೆ ಅದು ತಿರುಗಿ ಬಂದು ಅವರ ದೋಣಿಗೆ ಅಪ್ಪಳಿಸಿತು. ಎರಡರ ನಡುವೆ ಆ ಬಲಗೈ. ನನ್ನ ಕಿವಿಯ ಪಕ್ಕದಲ್ಲೇ ಆದದ್ದು, ಆ ಸದ್ದನ್ನು ಹೇಗೆ ಹೇಳುವುದೆಂದು ಇವತ್ತಿಗೂ ತಿಳಿಯದು. ಅವರು ಎಡಗೈ ಬಿಡಲಿಲ್ಲ. ನನ್ನನ್ನು ಒಳಗೆ ಹಾಕಿಕೊಂಡ ಮೇಲೆಯೇ ಕೆಳಗೆ ಕುಸಿದರು. ನಡುವೆ ಇದ್ದವರು ಚಾಕುವಿನಿಂದ ಹಗ್ಗ ಕೊಯ್ದು, ಅಪ್ಪನನ್ನು ತಲೆಗೂದಲು ಹಿಡಿದೇ ಎಳೆದುಕೊಂಡರು.

ದಡದಲ್ಲಿ ಜನ ಸೇರಿದ್ದರು. ಒಬ್ಬ ಹೆಂಗಸು ಸೊಂಟದವರೆಗೆ ನೀರಿಗಿಳಿದು ನಿಂತಿದ್ದರು. ಬೆಳಗಿನವರ ಹೆಂಡತಿ. ನಮ್ಮ ಕಡೆ ನೋಡಲೂ ಇಲ್ಲ.

ಎರಡು ದಿನದ ಮೇಲೆ ನಮ್ಮ ದೋಣಿ ಯಾರೂ ಎಳೆಯದೆ ತಾನಾಗಿಯೇ ಮರಳಿಗೆ ಬಂದು ಬಿದ್ದಿತ್ತು. ಹಾಯಿಯೂ ಹರಿದಿರಲಿಲ್ಲ. ಆಸ್ಪತ್ರೆಯ ಹೊರಗೆ ಈ ಸುದ್ದಿ ಕೇಳಿದಾಗ ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಬೆಂಗಳೂರಿಗೆ ಬಂದ ಮೇಲೆ ಅಪ್ಪ ಅಮ್ಮನಿಗೆ ಹೇಳಿದ್ದು ಇಷ್ಟು: ಸಮುದ್ರ ಸರಿಯಾಗಿಯೇ ಇತ್ತು, ಇದ್ದಕ್ಕಿದ್ದ ಹಾಗೆ ಗಾಳಿ ಎದ್ದಿತು, ಕಾಪಾಡಲು ಬಂದವರಲ್ಲಿ ಒಬ್ಬರ ಕೈಗೆ ಪೆಟ್ಟಾಯಿತು. ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ವಾರಕ್ಕೊಂದು ಸಲ ಅಪ್ಪ ಅವರಿಗೆ ಫೋನ್ ಮಾಡುತ್ತಿದ್ದ. ಎರಡು ತಿಂಗಳಾದರೂ ಉಂಗುರದ ಬೆರಳು, ಕಿರುಬೆರಳು ಮಡಚುತ್ತಿರಲಿಲ್ಲ. ಅಪ್ಪನ ಕಾರ್ಖಾನೆಯಲ್ಲಿ ಯಂತ್ರಕ್ಕೆ ಕೈ ಕೊಟ್ಟವರಿಗೆಲ್ಲ ಚಿಕಿತ್ಸೆ ಮಾಡಿದ್ದ ಒಬ್ಬ ಡಾಕ್ಟರು ಬೆಂಗಳೂರಿನಲ್ಲಿದ್ದರು. ಬನ್ನಿ, ತೋರಿಸೋಣ ಎಂದು ಅಪ್ಪ ಬೇಡಿಕೊಂಡ. ಬಹಳ ಸಲ ಬೇಡ ಎಂದು, ಕೊನೆಗೆ ಶ್ರಾವಣದಲ್ಲಿ ಅವರು ಬಂದರು. ಆಪರೇಷನ್ನು, ಆಮೇಲೆ ಬೆರಳಿನ ವ್ಯಾಯಾಮ ಎಲ್ಲ ಸೇರಿ ಮೂರು ವಾರ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದರು. ನಾನು ಅವರನ್ನು ಅಣ್ಣ ಎಂದು ಕರೆಯತೊಡಗಿದ್ದು ಆಗಲೇ. ಅವರಿಗೆ ನಾನು ತಂಗಿ, ಅಮ್ಮ ಅಕ್ಕ.

ಆ ಮೂರು ವಾರಗಳನ್ನು ನೆನೆಸಿಕೊಂಡರೆ ನನಗೆ ಮೊದಲು ಬರುವುದು ಗಂಜಿಯ ವಾಸನೆ. ಅಣ್ಣನಿಗೆ ನಮ್ಮ ಸೋನಾ ಮಸೂರಿ ಅನ್ನ ಹೊಟ್ಟೆ ತುಂಬುತ್ತಿರಲಿಲ್ಲ. ಅವರು ಬಾಯಿ ಬಿಟ್ಟು ಹೇಳದಿದ್ದರೂ ಅಮ್ಮನಿಗೆ ತಿಳಿಯಿತು. ವಿಜಯನಗರ ಮಾರ್ಕೆಟ್ಟಿನಲ್ಲಿ ನಾಲ್ಕು ಅಂಗಡಿ ಸುತ್ತಿ ಕುಚ್ಚಲಕ್ಕಿ ತಂದು ಬೆಳಿಗ್ಗೆ ಗಂಜಿ ಕಾಯಿಸತೊಡಗಿದಳು. ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಲು ಅಣ್ಣನಿಗೆ ನಾಚಿಕೆ. ನಾವು ಟಿ.ವಿ. ಕಡೆ ನೋಡಿಕೊಂಡು ಊಟ ಮಾಡುತ್ತಿದ್ದೆವು. ಅಪ್ಪ ಕಾರ್ಖಾನೆಯ ಲೇತಿನಲ್ಲಿ ಬೀಟೆ ಮರದ ತುಂಡೊಂದನ್ನು ಅವರ ಮುಷ್ಟಿಯ ಅಳತೆಗೆ ಕಡೆದು ತಂದ, ಹಿಸುಕಿ ಹಿಸುಕಿ ಬೆರಳು ಬಗ್ಗಿಸಲಿಕ್ಕೆ. ಅದು ಸರಿಯಾಗದೆ ಮೂರು ಸಲ ತಿದ್ದಿದ. ಅಣ್ಣ ಸಂಜೆ ನಮ್ಮ ಗೇಟಿನ ಹತ್ತಿರ ನಿಂತು ಅದನ್ನು ಹಿಸುಕುತ್ತಾ ಮೆಟ್ರೋ ಕೆಲಸದ ಕ್ರೇನುಗಳನ್ನು ನೋಡುತ್ತಿದ್ದರು.

"ಈ ಊರಲ್ಲಿ ಗಾಳಿ ಯಾವ ಕಡೆಯಿಂದ ಬರ್ತದೆ ಅಂತಲೇ ಗೊತ್ತಾಗುವುದಿಲ್ಲ ಅಲ್ವಾ ತಂಗಿ?" ಎಂದು ಒಮ್ಮೆ ಕೇಳಿದ್ದರು.

ಎರಡನೆಯ ವಾರದ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಮ್ಮ ಹುಳಿ ಬಡಿಸುತ್ತಾ, "ಸಮುದ್ರನೇ ಹಾಗೆ ಅಲ್ವಾ, ಯಾವಾಗ ಏನಾಗತ್ತೆ ಅಂತ ಯಾರಿಗೂ ಗೊತ್ತಾಗಲ್ಲ," ಎಂದಳು.

"ಆವತ್ತು ಗೊತ್ತಿತ್ತು ಅಕ್ಕ," ಎಂದರು ಅಣ್ಣ, ತಲೆ ತಗ್ಗಿಸಿ ಊಟ ಮಾಡುತ್ತಲೇ. "ಬೆಳಿಗ್ಗೆಯೇ ನಾನು ಹೇಳಿದ್ದೆ, ಇವತ್ತು ಬೇಡ ಅಂತ. ಸರ್ ಕೇಳಲಿಲ್ಲ."

ಅವರಿಗೆ ದೂರುವ ಉದ್ದೇಶ ಇರಲಿಲ್ಲ. ಅಮ್ಮನಿಗೆ ಇದು ಗೊತ್ತಿದೆ ಎಂದೇ ತಿಳಿದಿದ್ದರು. ಅಮ್ಮನ ಸೌಟು ಪಾತ್ರೆಯ ಮೇಲೆ ನಿಂತಿತು. ಅಪ್ಪನನ್ನು ನೋಡಿದಳು, ಆಮೇಲೆ ನನ್ನನ್ನು. ನಾನು ಅನ್ನ ಕಲಸುವುದನ್ನು ನಿಲ್ಲಿಸಿದ್ದೆ. ಅಮ್ಮ ಅಣ್ಣನ ತಟ್ಟೆಗೆ ಹುಳಿ ಹಾಕಿ, "ಇನ್ನೊಂಚೂರು ಅನ್ನ ಹಾಕ್ತೀನಿ, ತಾಳಿ," ಎಂದು ಒಳಗೆ ಹೋದಳು.

ಅವತ್ತು ಸಂಜೆ ಟೆರೇಸಿನಲ್ಲಿ ಅಪ್ಪ ಅಣ್ಣನನ್ನು ಕೇಳಿಯೇಬಿಟ್ಟ. ನಾನು ಬಟ್ಟೆ ತೆಗೆಯುತ್ತಿದ್ದೆ.

"ನಿಮಗೆ ನಮ್ಮ ಮೇಲೆ ಕೋಪ ಬರ್ಲಿಲ್ವಾ?"

"ಬಂತು ಸರ್. ಬಾರದೆ ಇರ್ತದಾ?" ಅಣ್ಣ ಸ್ವಲ್ಪ ಹೊತ್ತು ಆ ಮರದ ತುಂಡನ್ನು ಹಿಸುಕಿದರು. "ನಾವು ಗಾಳಿಯಲ್ಲಿ ಹೋಗುವುದು ಹೊಟ್ಟೆಗೆ. ನೀವು ಹೋಗುವುದು ಖುಷಿಗೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ. ಖುಷಿ ಯಾರಿಗೆ ಬೇಡ? ಆದರೆ ಆವತ್ತು ಹೊರಡುವಾಗ ನೀವು ಮೂರು ಜನ ಅಂತ ಲೆಕ್ಕ ಹಾಕಿದ್ರಿ. ನಾವು ಮೂರು ಜನ ನಿಮ್ಮ ಲೆಕ್ಕಕ್ಕೇ ಬರಲಿಲ್ಲ."

ಅಪ್ಪ ಒಣಗಿದ ಟವೆಲ್ಲೊಂದನ್ನು ತಂತಿಯಿಂದ ಎಳೆದು ಮಡಚತೊಡಗಿದ.

"ನೀವು ಕರೆದ್ರೆ ನಾವು ಬರ್ತೇವೆ. ಬರುವುದಿಲ್ಲ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ನಮಗೆ. ನೀರಲ್ಲಿ ಇರುವವರು ಯಾರು, ಯಾಕೆ ಹೋದ್ರು ಅಂತ ಆಮೇಲೆ ಕೇಳ್ತೇವೆ. ಅದಕ್ಕೇ ಹೋಗುವವರು ಮೊದಲೇ ಯೋಚನೆ ಮಾಡ್ಬೇಕು."

"ಹಗ್ಗ ಕಟ್ಟಿದ್ದು ನಾನು," ಎಂದ ಅಪ್ಪ. ಆ ಮಾತನ್ನು ಅಲ್ಲಿಯವರೆಗೆ ನಮ್ಮಲ್ಲಿ ಯಾರೂ ಆಡಿರಲಿಲ್ಲ. "ನಿಮ್ಮ ಕೈ ಹೋಗಿದ್ದು ಅದರಿಂದಾನೇ."

"ಹೌದು," ಎಂದರು ಅಣ್ಣ. ಇಲ್ಲ ಬಿಡಿ ಎಂದು ಸಮಾಧಾನ ಹೇಳಲಿಲ್ಲ. ನನಗೆ ಅವರ ಮೇಲೆ ಇದ್ದ ಗೌರವ ಆ ಒಂದು ಹೌದಿನಿಂದ ಇಮ್ಮಡಿಯಾಯಿತು.

ಆ ರಾತ್ರಿ ಕೆಳಗೆ ಅಡುಗೆಮನೆಯಲ್ಲಿ ಅಮ್ಮ ಅಪ್ಪನಿಗೆ ಹೇಳಿದ್ದನ್ನೂ ನಾನು ಕೇಳಿಸಿಕೊಂಡೆ. ಜಗಳವಾಡುವ ದನಿಯೇ ಇರಲಿಲ್ಲ. "ನನಗೆ ಸುಳ್ಳು ಹೇಳಿದ್ದು ಇರ್ಲಿ ರೀ. ಆವತ್ತು ನಾನು ಫೋನ್ ಹಿಡ್ಕೊಂಡು ಕೂತಿದ್ದ ಹಾಗೇ ಅವರ ಹೆಂಡ್ತಿ ನೀರಲ್ಲಿ ನಿಂತಿದ್ರಂತಲ್ಲ. ನಾನಾದ್ರೂ ನಿಮ್ಮನ್ನ ಕಟ್ಕೊಂಡಿದೀನಿ, ಅನುಭವಿಸ್ತೀನಿ. ಆಯಮ್ಮ ಯಾಕೆ ಅನುಭವಿಸ್ಬೇಕು?"

ಅಪ್ಪ ದೋಣಿ ಮಾರಿಬಿಡುತ್ತೇನೆ ಎಂದು ಕೂತ. ಬೇಡ ಎಂದವರು ಅಣ್ಣನೇ. "ಬಿಡಬೇಡಿ ಸರ್. ಸರಿ ಮಾಡಿಕೊಂಡು ಬನ್ನಿ," ಎಂದರು. ಏನೇನು ಸರಿ ಮಾಡಬೇಕು ಎಂದೂ ಹೇಳಿದರು. ಹೊರಡುವ ಮೊದಲು ಧಕ್ಕೆಯಲ್ಲಿ ಎಷ್ಟು ಜನ, ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಬರೆದುಕೊಡಬೇಕು. ಬಂದ ಮೇಲೆ ಬಂದೆವು ಎಂದು ತಿಳಿಸಬೇಕು. ಇಲ್ಲದಿದ್ದರೆ ಆರಾಮಾಗಿ ರೂಮಿನಲ್ಲಿ ಕೂತವರನ್ನು ಹುಡುಕಿಕೊಂಡು ಇವರು ಕಡಲಲ್ಲಿ ಸುತ್ತಬೇಕಾಗುತ್ತದೆ, ಹಾಗೆ ಸುತ್ತಿದ್ದೂ ಉಂಟಂತೆ. ತಂಡದ ನಂಬರ್ ಮೂವರ ಹತ್ತಿರವೂ, ಮನೆಯಲ್ಲೂ ಇರಬೇಕು. ಕಾಪಾಡಲು ಬಂದವರು ಹೇಳಿದ ಹಾಗೆ ಕೇಳಬೇಕು, ದೋಣಿ ಹೋದರೆ ಹೋಗಲಿ. ಆಮೇಲೆ ನಮ್ಮ ಹಾಯಿ ಬಿಳಿಯದಾಗಿದ್ದರಿಂದ ನೊರೆಯ ನಡುವೆ ಅದು ಎಲ್ಲಿ ಮುಳುಗಿತು ಎಂದು ಗುರುತು ಸಿಗದೆ ಅರ್ಧ ಗಂಟೆ ಹುಡುಕಿದ್ದರಂತೆ. ಅದು ನಮಗೆ ಗೊತ್ತೇ ಇರಲಿಲ್ಲ.

ಅಪ್ಪ ಮಾರನೆಯ ದಿನವೇ ಕಿತ್ತಳೆ ಬಣ್ಣದ ಗಟ್ಟಿ ಬಟ್ಟೆ ತಂದ. ಹಾಯಿಯನ್ನು ಸ್ಕೂಟರಿನ ಮುಂದೆ ತುರುಕಿಕೊಂಡು, ಹಿಂದೆ ಅಣ್ಣನನ್ನು ಕೂರಿಸಿಕೊಂಡು, ಅತ್ತಿಗುಪ್ಪೆಯ ಟೈಲರ್ ಹತ್ತಿರ ಹೋದ. ನಾನು ನಡೆದುಕೊಂಡು ಹೋದೆ. ಬ್ಲೌಸು, ಪರದೆ ಹೊಲಿಯುವ ಟೈಲರು. ಹಾಯಿ ಬಿಚ್ಚಿದರೆ ಅಂಗಡಿಯಿಂದ ಫುಟ್‌ಪಾತಿಗೆ ಬಂತು.

"ಸಾರ್, ಇದಕ್ಕೆ ತೇಪೆ ಎಲ್ಲಿ ಹಾಕ್ಲಿ? ಹರಿದೇ ಇಲ್ವಲ್ಲ."

"ಹರಿದಿರೋದಕ್ಕಲ್ಲಪ್ಪ. ದೂರದಿಂದ ಕಾಣ್ಬೇಕು."

"ಯಾರಿಗೆ?"

ಅಪ್ಪ ಅಣ್ಣನ ಕಡೆ ಕೈ ತೋರಿಸಿದ. "ಇವರಿಗೆ."

ಟೈಲರು ಅಣ್ಣನ ಬ್ಯಾಂಡೇಜು ನೋಡಿ, ಕಣ್ಣಿಗೂ ಏನೋ ಆಗಿದೆ ಎಂದುಕೊಂಡಿರಬೇಕು, ಬಹಳ ಮರುಕದಿಂದ ಮೂರು ಸಾಲು ಹೊಲಿಗೆ ಹಾಕಿಕೊಟ್ಟ. ಆಪರೇಷನ್ ಆದ ಮೇಲೆ ಅಣ್ಣ ಗಟ್ಟಿಯಾಗಿ ನಕ್ಕಿದ್ದು ಅವತ್ತೇ ಮೊದಲು.

ಅಕ್ಟೋಬರ್ ಕೊನೆಗೆ ಮತ್ತೆ ಹೋದೆವು. ಮಾಮನಿಗೆ ಭೋಪಾಲಕ್ಕೆ ವರ್ಗವಾಗಿತ್ತು, ಇನ್ನೆರಡು ವಾರದಲ್ಲಿ ಹೊರಡಬೇಕು. ಮೂವರೂ ಒಟ್ಟಿಗೆ ಹೋಗುವುದು ಇದೇ ಕೊನೆ ಎಂದು ಎಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಧಕ್ಕೆಗೆ ಹೋದರೆ ಮೋಡ ಮುಸುಕಿತ್ತು, ಅಳಿವೆಯಲ್ಲಿ ಅಲೆ ಒಡೆಯುತ್ತಿತ್ತು. ಅಬ್ಬರವೇನಿಲ್ಲ. ಹೋಗಬಹುದೋ ಬಾರದೋ ಎನ್ನುವಂತಹ ದಿನ.

"ಏನಂತೀರಿ?" ಎಂದು ಅಪ್ಪ ಅಣ್ಣನನ್ನು ಕೇಳಿದ.

"ನೀವೇ ಹೇಳಿ ಸರ್," ಎಂದರು ಅವರು.

ಅಪ್ಪ ಬಹಳ ಹೊತ್ತು ನಿಂತು ನೋಡಿದ. ಧಕ್ಕೆಯ ಆ ತುದಿಯಲ್ಲಿ ಜೀವರಕ್ಷಕ ತಂಡದ ದೋಣಿ ಕಟ್ಟಿತ್ತು. ಚುಕ್ಕಾಣಿಯ ಹಿರಿಯರು ಅದರ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದರು. ಅಪ್ಪ ಅವರ ಕಡೆಯೂ ನೋಡಿದ.

"ಬೇಡ ಕಣೋ," ಎಂದ ಮಾಮನಿಗೆ.

"ಲೋ, ಅಷ್ಟು ದೂರದಿಂದ ಬಂದಿದೀವಿ. ಮತ್ತೆ ಯಾವಾಗ ಬರ್ತೀನೋ ನಾನು?"

"ಗೊತ್ತು ಕಣೋ. ಆದ್ರೂ ಬೇಡ."

ಮಾಮ ಮುನಿಸಿಕೊಂಡು ಶೆಡ್ಡಿನೊಳಗೆ ಹೋಗಿ ಕೂತ. ಆ ದಿನ ಬಿರುಗಾಳಿ ಬಂದಿದ್ದರೆ ಕತೆ ಸೊಗಸಾಗಿರುತ್ತಿತ್ತು. ಬರಲಿಲ್ಲ. ಮಧ್ಯಾಹ್ನದವರೆಗೂ ಸಮುದ್ರ ಹಾಗೇ ಇತ್ತು, ಮೂರು ಗಂಟೆಗೆ ಬಿಸಿಲೂ ಬಂತು. "ಹೋಗಬಹುದಿತ್ತು," ಎಂದ ಮಾಮ. "ಹೂಂ, ಹೋಗಬಹುದಿತ್ತು," ಎಂದ ಅಪ್ಪ. ಮಗುಚಿ ಹಾಕಿದ ದೋಣಿಯ ಮೇಲೆ ಮೂವರೂ ಕಾಲು ಇಳಿಬಿಟ್ಟು ಕೂತೆವು. ಅಣ್ಣನ ಹೆಂಡತಿ ಸ್ಟೀಲ್ ಡಬ್ಬಿಯಲ್ಲಿ ಬಿಸಿ ಗೋಳಿಬಜೆ, ಒಂದು ಫ್ಲಾಸ್ಕ್ ಚಹಾ ತಂದಿಟ್ಟರು. ಮೇ ತಿಂಗಳಿಂದ ಅವರು ನಮ್ಮೊಂದಿಗೆ ಒಂದು ಮಾತೂ ಆಡಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, "ಚಟ್ನಿ ಖಾರ ಉಂಟು, ನೋಡಿ ತಿನ್ನಿ," ಎಂದು ನನಗೆ ಹೇಳಿ ಹೋದರು. ಮಾಮ ಕಾಲೇಜಿನ ದಿನಗಳ ಕತೆ ಶುರುಮಾಡಿದ. ಹಲಸೂರು ಕೆರೆಯಲ್ಲಿ ಅಪ್ಪ ಕಳೆಗೆ ಸಿಕ್ಕಿಕೊಂಡು ಒದ್ದಾಡಿದ್ದು, ತರಬೇತಿ ಕೊಡುವವರು ದಡದಲ್ಲಿ ನಿಂತು ಬೈದದ್ದು. ನಾನು ಅಷ್ಟು ನಕ್ಕ ದಿನ ಇನ್ನೊಂದಿಲ್ಲ. ನಾವು ದೋಣಿಯಲ್ಲಿ ಹೋದ ಎಷ್ಟೋ ದಿನಗಳು ಒಂದರೊಳಗೊಂದು ಬೆರೆತುಹೋಗಿವೆ. ಹೋಗದೆ ಉಳಿದ ಆ ದಿನ ಮಾತ್ರ ಗಂಟೆ ಗಂಟೆಯೂ ನೆನಪಿದೆ.

ಆಮೇಲೆ ಅಪ್ಪ, ನಾನು ಇಬ್ಬರೇ ಆರು ವರ್ಷ ಹೋದೆವು. ಪ್ರತಿ ಸಲ ಚೀಟಿ ಬರೆದುಕೊಟ್ಟೆವು, ಪ್ರತಿ ಸಲ ಬಂದೆವು ಎಂದು ಹೇಳಿದೆವು, ಅಮ್ಮನಿಗೂ. ಎರಡು ಸಲ ದಡದಿಂದಲೇ ವಾಪಸ್ ಬಂದೆವು. ಅಪ್ಪನ ಮಂಡಿ ಹಟ ಹಿಡಿದ ಮೇಲೆ ದೋಣಿಯನ್ನು ತಂಡದವರಿಗೇ ಬಿಟ್ಟುಕೊಟ್ಟ. ಮಗುಚಿದ ದೋಣಿಯಿಂದ ಜನರನ್ನು ಎತ್ತುವುದನ್ನು ಅಭ್ಯಾಸ ಮಾಡಲು ಅವರಿಗೊಂದು ದೋಣಿ ಬೇಕಿತ್ತು. ಅಣ್ಣನ ಉಂಗುರದ ಬೆರಳು ಮುಕ್ಕಾಲು ಭಾಗ ಮಡಚುತ್ತದೆ, ಕಿರುಬೆರಳು ಮಡಚುವುದೇ ಇಲ್ಲ. ಬಲೆ ಎಳೆಯಲು ಆಗದು. ಹಿರಿಯರು ತೀರಿಕೊಂಡ ಮೇಲೆ ತಂಡದ ದೋಣಿಯ ಚುಕ್ಕಾಣಿ ಹಿಡಿಯುವವರು ಅಣ್ಣನೇ.

ಈ ವರ್ಷ ಜೂನ್‌ನಲ್ಲಿ ಕರಾವಳಿಗೆ ರೆಡ್ ಅಲರ್ಟ್ ಎಂದು ಟಿ.ವಿ.ಯಲ್ಲಿ ಬಂತು. ನಾನು ಈಗ ಇರುವುದು ನಾಗರಬಾವಿಯಲ್ಲಿ. ಅವತ್ತು ಶನಿವಾರ, ಬೆಳಿಗ್ಗೆ ಶಾಲೆಯಲ್ಲಿ ಪಾಠ ಮುಗಿಸಿ ಅಪ್ಪ ಅಮ್ಮನನ್ನು ನೋಡಲು ಬಂದಿದ್ದೆ. ಊಟದ ಹೊತ್ತು. ಅಪ್ಪ ಎಂದಿನಂತೆ ಅಣ್ಣನಿಗೆ ಫೋನ್ ಮಾಡಿದ. ಎತ್ತಿದ್ದು ಅವರ ಹೆಂಡತಿ. ಯಾರೋ ಬಾಡಿಗೆ ದೋಣಿ ತೆಗೆದುಕೊಂಡು ಹೋಗಿ ಸಿಕ್ಕಿಹಾಕಿಕೊಂಡಿದ್ದಾರೆ, ಇವರು ಹೋಗಿ ಒಂದು ಗಂಟೆಯಾಯಿತು, ಇನ್ನೂ ಬಂದಿಲ್ಲ ಎಂದರಂತೆ. ಅಪ್ಪ ಫೋನನ್ನು ಮೇಜಿನ ಮೇಲಿಟ್ಟು ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತ. ಅಮ್ಮ ಬಡಿಸಿದ ತಟ್ಟೆಗಳನ್ನು ಮುಚ್ಚಿಟ್ಟಳು. ಯಾರೂ ಊಟ ಮಾಡಿ ಎನ್ನಲಿಲ್ಲ, ಯಾರೂ ಮಾಡಲಿಲ್ಲ. ಹೊರಗೆ ಬೆಂಗಳೂರಿನ ತೆಳುಬಿಸಿಲು, ತಳ್ಳುಗಾಡಿಯವನು ಟೊಮೇಟೊ ಕೂಗಿಕೊಂಡು ಹೋದ. ಅಪ್ಪ ಎರಡು ಸಲ ಕನ್ನಡಕ ಒರೆಸಿದ.

ಮೂರೂವರೆಗೆ ಫೋನ್ ಬಂತು. ಅಪ್ಪ ಎತ್ತಿ ಸ್ಪೀಕರ್ ಹಾಕಿದ.

"ಬಂದ್ರು," ಎಂದರು ಅಣ್ಣನ ಹೆಂಡತಿ. "ಎಲ್ಲ ಬಂದ್ರು. ಇವರು ಸ್ನಾನಕ್ಕೆ ಹೋಗಿದ್ದಾರೆ. ನೀವು ಊಟ ಮಾಡಿ."

"ಆಯ್ತಮ್ಮ," ಎಂದ ಅಪ್ಪ.

ಅಮ್ಮ ತಟ್ಟೆಗಳ ಮುಚ್ಚಳ ತೆಗೆಯುತ್ತಾ ಕೇಳಿದಳು, "ಯಾರಂತೆ ರೀ ಹೋಗಿ ಸಿಕ್ಕಿಹಾಕ್ಕೊಂಡಿದ್ದು?"

"ಕೇಳ್ಲಿಲ್ಲ ಕಣೇ," ಎಂದು ಅಪ್ಪ ಕೈ ತೊಳೆಯಲು ಎದ್ದ.